ಜನಗಣತಿಯಲ್ಲಿ ಸಿಗದ ಪೂರ್ವಜ



ನಿಮ್ಮ ಅಜ್ಜನ ಹೆಸರು ನಿಮಗೆ ಗೊತ್ತು. ಮುತ್ತಜ್ಜನ ಹೆಸರು ಮನೆಯ ಹಿರಿಯರನ್ನು ಕೇಳಿದರೆ ಸಿಗಬಹುದು. ಅದಕ್ಕೂ ಹಿಂದೆ, 1870ರ ಸುಮಾರಿನಲ್ಲಿ ಬಾಳಿದವರನ್ನು ಹುಡುಕುವುದು ಹೇಗೆ? ಆ ಹೊತ್ತಿಗೆ ನಮ್ಮಲ್ಲಿ ಜನಗಣತಿ ಆರಂಭವಾಗಿತ್ತಲ್ಲ, ಅದರಲ್ಲಿ ಹೆಸರು ಇದ್ದೇ ಇರಬೇಕು ಎಂದು ನಿಮಗೆ ತೋರಬಹುದು.

ಇಂಗ್ಲೆಂಡಿನಲ್ಲಾದರೆ ಆ ಮಾತು ನಿಜ. 1841ರಿಂದ ಮನೆಮನೆಯವರ ಹೆಸರು ಬರೆದ ಗಣತಿ ದಾಖಲೆಗಳನ್ನು ಅಲ್ಲಿ ಉಳಿಸಿಕೊಂಡು ಬಂದರು. ನೂರು ವರ್ಷ ಕಳೆದ ಮೇಲೆ ಅವು ಎಲ್ಲರಿಗೂ ತೆರೆಯುತ್ತವೆ. 1921ರ ದಾಖಲೆಗಳು 2022ರಲ್ಲಿ ತೆರೆದವು. ನಮ್ಮ ರೂಢಿ ಬೇರೆ. ಇಲ್ಲಿ ಮನೆಮನೆಯಲ್ಲಿ ತುಂಬಿದ ಹಾಳೆಗಳಿಂದ ಲೆಕ್ಕ ತೆಗೆದು, ಕೋಷ್ಟಕಗಳನ್ನು ಅಚ್ಚು ಹಾಕಿಸಿದ ಮೇಲೆ ಹಾಳೆಗಳನ್ನು ಸಾಮಾನ್ಯವಾಗಿ ನಾಶಮಾಡುತ್ತಿದ್ದರು. 1948ರ ಜನಗಣತಿ ಕಾಯಿದೆಯಂತೆ ವ್ಯಕ್ತಿಗಳ ವಿವರ ಗೋಪ್ಯ. ಹೀಗಾಗಿ ಸಂಖ್ಯೆ ಉಳಿಯಿತು, ಹೆಸರು ಅಳಿಯಿತು.

ಹಾಗಾದರೆ ಆ ಸಂಖ್ಯೆಗಳಿಂದ ಪ್ರಯೋಜನವಿಲ್ಲವೇ? ಮೈಸೂರು ಸಂಸ್ಥಾನದ ಉದಾಹರಣೆ ನೋಡಿ. 1871ರಲ್ಲಿ ಅಲ್ಲಿನ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ ಜನ ಹೆಚ್ಚಬೇಕಾದಲ್ಲಿ 8,69,224 ಮಂದಿ ಕಡಿಮೆಯಾದರು. ಇದಕ್ಕೆ ಮುಖ್ಯ ಕಾರಣ 1876ರಿಂದ 1878ರವರೆಗಿನ ಭೀಕರ ಕ್ಷಾಮ. ಹಸಿವಿನಿಂದ, ರೋಗದಿಂದ ಸತ್ತವರು ಅಸಂಖ್ಯ. ಗುಳೆ ಹೋದವರೂ ಉಂಟು. ಹುಟ್ಟಬೇಕಾದ ಮಕ್ಕಳು ಹುಟ್ಟಲಿಲ್ಲ. 1891ರಲ್ಲಿ ಸಹ ಜನಸಂಖ್ಯೆ 49,43,604 ಮಾತ್ರ. ಇಪ್ಪತ್ತು ವರ್ಷ ಹಿಂದಿನ ಮಟ್ಟವನ್ನು ಅದು ಮುಟ್ಟಿರಲಿಲ್ಲ. ನೀವು ಹುಡುಕುವ ಪೂರ್ವಜ ಈ ಅಂಕಿಗಳ ನಡುವೆ ಎಲ್ಲೋ ಇದ್ದಾನೆ.

ಗಣತಿ ಕೈಬಿಟ್ಟ ಹೆಸರನ್ನು ಕಾಪಾಡಿದವರು ಬೇರೆಯವರು. ಹೆಳವರ ಹೆಸರು ಕೇಳಿದ್ದೀರಾ? ಎತ್ತಿನೊಡನೆ ಊರೂರು ಸುತ್ತುವ ಇವರು ತಮಗೆ ಸೇರಿದ ಮನೆತನಗಳ ಮುಂದೆ ನಿಂತು ಆ ಮನೆಯ ವಂಶಾವಳಿ ಹೇಳುತ್ತಾರೆ. ಮೂಲಪುರುಷ ಯಾರು, ಮೂಲ ಊರು ಯಾವುದು, ಯಾರ ಮಕ್ಕಳು ಎಲ್ಲಿಗೆ ಹೋಗಿ ನೆಲೆಸಿದರು ಎಂಬುದೆಲ್ಲ ಅದರಲ್ಲಿ ಬರುತ್ತದೆ. ಕಾಳುಕಡಿ ಪಡೆದು ಮುಂದಿನ ಊರಿಗೆ ನಡೆಯುತ್ತಾರೆ. ಎಲ್ಲ ಮನೆತನಗಳಿಗೂ ಹೆಳವರಿಲ್ಲ. ಇದ್ದರೂ ಅವರ ಮಾತಿನಲ್ಲಿ ಹೆಸರು ಸಿಕ್ಕೀತು, ಇಸವಿ ಸಿಗುವುದು ಅಪರೂಪ.

ಇಸವಿಯ ಸುಳಿವು ಹಿರಿಯರ ನೆನಪಿನಲ್ಲಿರುತ್ತದೆ. "ಧಾತುವಿನ ಬರದಲ್ಲಿ ಊರು ಬಿಟ್ಟು ಬಂದವರು ನಾವು" ಎಂದು ಯಾರಾದರೂ ಹೇಳಿದರೆ ಸುಮ್ಮನಾಗಬೇಡಿ. ಧಾತು ಸಂವತ್ಸರ 1876ರ ಯುಗಾದಿಗೆ, ಈಶ್ವರ ಸಂವತ್ಸರ 1877ರ ಯುಗಾದಿಗೆ ಆರಂಭವಾದವು. ಒಂದು ಎಚ್ಚರಿಕೆ: ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ಧಾತು 1936ರಲ್ಲಿಯೂ 1996ರಲ್ಲಿಯೂ ಬಂದಿತ್ತು. ಯಾವುದೆಂದು ತಿಳಿಯಲು ತಲೆಮಾರುಗಳನ್ನು ಎಣಿಸಿ. ಒಂದು ತಲೆಮಾರಿಗೆ ಸುಮಾರು ಇಪ್ಪತ್ತೈದು ವರ್ಷ.

ಈಗ ಮೂರನ್ನೂ ಜೋಡಿಸಿ. ಹೆಳವರಿಂದ ಹೆಸರು, ಹಿರಿಯರಿಂದ ಸಂವತ್ಸರ, ಗಣತಿಯ ವರದಿಯಿಂದ ಆ ಜಿಲ್ಲೆಗೆ ಅಂದು ಬಂದ ಗತಿ. ಒಂದರಲ್ಲಿಲ್ಲದ್ದನ್ನು ಇನ್ನೊಂದು ತುಂಬುತ್ತದೆ, ಒಂದರ ತಪ್ಪನ್ನು ಇನ್ನೊಂದು ತೋರಿಸುತ್ತದೆ. ಇತಿಹಾಸಕಾರರು ಮಾಡುವ ಕೆಲಸವೂ ಇದೇ.

ವರದಿಗಳು ಗ್ರಂಥಾಲಯದಲ್ಲಿ ನಾಳೆಯೂ ಇರುತ್ತವೆ. ಹಿರಿಯರ ನೆನಪು ಹಾಗಲ್ಲ. ಈ ವಾರವೇ ಕೇಳಿ, ಒಂದು ನೋಟ್ ಪುಸ್ತಕದಲ್ಲಿ ಬರೆದಿಡಿ. ಕೊನೆಯಲ್ಲಿ ನಿಮ್ಮ ಹೆಸರನ್ನೂ ಹುಟ್ಟಿದ ಇಸವಿಯನ್ನೂ ಸೇರಿಸಿ.