ಕರಡಿಯ ಹಗ್ಗ ಬಿಚ್ಚಿದ ಕತೆ

ಡಮರು ಸದ್ದು ಕೇಳಿದರೆ ಸಾಕು, ಓಣಿಯ ಹುಡುಗರೆಲ್ಲ ಓಡುತ್ತಿದ್ದೆವು. ಸವಳಂಗ, ನ್ಯಾಮತಿ ಕಡೆ ಕರಡಿ ಆಡಿಸುವವರನ್ನು ಕಂಡವರು ಇನ್ನೂ ಇದ್ದಾರೆ. ಹೆದರುವ ಮಕ್ಕಳನ್ನು ಕರಡಿ ಬೆನ್ನ ಮೇಲೆ ಕೂರಿಸುತ್ತಿದ್ದರು. ಅದರ ಕೂದಲು ತಾಯಿತಕ್ಕೆ ಬೇಕಿತ್ತು.

ಕರಡಿ ಕುಣಿಯುತ್ತದೆ ಅಂತ ನಾವು ಚಪ್ಪಾಳೆ ತಟ್ಟಿದೆವು. ಮರಿ ಇದ್ದಾಗಲೇ ಕಾದ ಸೂಜಿಯಿಂದ ಮೂತಿ ಚುಚ್ಚಿ ಹಗ್ಗ ಪೋಣಿಸುತ್ತಾರೆ, ಹಲ್ಲು ಕೀಳುತ್ತಾರೆ ಅನ್ನೋದು ಆಗ ಗೊತ್ತಿರಲಿಲ್ಲ. ಹಗ್ಗ ಜಗ್ಗಿದರೆ ನೋವಿಗೆ ಎದ್ದು ನಿಲ್ಲುತ್ತಿತ್ತು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಟ ನಿಲ್ಲಲಿಲ್ಲ. 1998ರಲ್ಲಿ ಕೇಂದ್ರ ಸರ್ಕಾರ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಪಳಗಿಸಿ ಆಡಿಸುವುದನ್ನು ನಿಷೇಧಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.

ಅದೇ 1998ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿ ಪ್ರಾಣಿಪರ ಹೋರಾಟಗಾರರು ಬೇರೆ ದಾರಿ ಹಿಡಿದಿದ್ದರು. ಮಿಂಕ್ ಅಂತ ಒಂದು ಪ್ರಾಣಿ, ನೋಡಲು ನಮ್ಮ ಮುಂಗುಸಿಯಂತೆ. ಅದರ ತುಪ್ಪಳದಿಂದ ದುಬಾರಿ ಕೋಟು ಹೊಲಿಯುತ್ತಾರೆ. ಅಂಥ ಒಂದು ಫಾರಂಗೆ ನುಗ್ಗಿ ಪಂಜರ ತೆಗೆದು ಸಾವಿರಾರು ಮಿಂಕ್‌ಗಳನ್ನು ಬಿಟ್ಟರು. ಮಿಂಕ್‌ಗಳು ಸುತ್ತಲಿನ ಕೋಳಿ, ಹಕ್ಕಿಗಳ ಮೇಲೆ ಬಿದ್ದವು. ಎಷ್ಟೋ ಮಿಂಕ್‌ಗಳನ್ನು ಜನ ಕೊಂದರು, ಎಷ್ಟೋ ಮತ್ತೆ ಪಂಜರ ಸೇರಿದವು. ಅಲ್ಲಿ ತುಪ್ಪಳದ ಫಾರಂಗಳು ಮುಚ್ಚಿದ್ದು 2000ದಲ್ಲಿ ಬಂದ ಕಾನೂನಿನಿಂದ.

ನಮ್ಮಲ್ಲೂ ಹಗ್ಗ ಬಿಚ್ಚಿ ಕಾಡಿಗೆ ಅಟ್ಟಬಹುದಿತ್ತು. ಹಲ್ಲಿಲ್ಲದ, ಕಾಡನ್ನೇ ಕಾಣದ ಕರಡಿ ಅಲ್ಲಿ ಏನು ತಿಂದು ಬದುಕಬೇಕು? ಅದನ್ನೇ ನಂಬಿದ್ದ ಕಲಂದರ್ ಕುಟುಂಬ ಏನು ತಿನ್ನಬೇಕು? ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಎರಡನ್ನೂ ಜೊತೆಗೇ ಹಿಡಿಯಿತು. ಕರಡಿ ಒಪ್ಪಿಸಿದವರಿಗೆ ಬೇರೆ ಕಸುಬು ಹಿಡಿಯಲು ಹಣ, ಮಕ್ಕಳಿಗೆ ಓದಿನ ನೆರವು ಕೊಟ್ಟಿತು. ಕರಡಿಗಳಿಗೆ ಆಗ್ರಾ, ಬನ್ನೇರುಘಟ್ಟ ಮುಂತಾದೆಡೆ ಜಾಗ ಆಯಿತು. ದೇಶದಲ್ಲಿ ಹೀಗೆ 600ಕ್ಕೂ ಹೆಚ್ಚು ಕರಡಿಗಳು ಬಿಡುಗಡೆಯಾದವು. ಕೊನೆಯ ಕರಡಿ ರಾಜು ಹಗ್ಗ ಕಳಚಿಕೊಂಡದ್ದು 2009ರ ಡಿಸೆಂಬರ್‌ನಲ್ಲಿ, ನಮ್ಮ ಬನ್ನೇರುಘಟ್ಟದಲ್ಲೇ. ಅಲ್ಲಿಗೆ ಬಂದ ಕರಡಿಗಳು ಕಾಡು ಸೇರಲಿಲ್ಲ. ಆದರೆ ಮರ ಹತ್ತಿದವು, ಮಣ್ಣು ಕೆದರಿದವು.

ಈಗ ನಾವೂ ಮೆಕ್ಕೆಜೋಳಕ್ಕೆ ಕರಡಿ ಬಂದರೆ "ಹಿಡಿದು ಎಲ್ಲಾದರೂ ಬಿಟ್ಟು ಬನ್ನಿ" ಅಂತ ಅರಣ್ಯ ಇಲಾಖೆಗೆ ಫೋನ್ ಮಾಡುತ್ತೇವೆ. ಎಲ್ಲಾದರೂ ಅಂದರೆ ಎಲ್ಲಿ ಅಂತ ಕೇಳುವುದಿಲ್ಲ. ಅಲ್ಲೂ ಯಾರದೋ ಹೊಲ ಇರುತ್ತದೆ.