ಪಕ್ಕದಲ್ಲಿ ಯಾರಿದ್ದಾರೆ?

ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನು ಕೊಳ್ಳುವ ತಿಂಗಳು ಬಂತೆಂದರೆ ನನ್ನ ಫೋನಿಗೆ ಒಂದೇ ಬಗೆಯ ಚಿತ್ರಗಳು ಬಂದು ಬೀಳುತ್ತವೆ. ವೃತ್ತದೊಳಗೆ ಎರಡು ಬಣ್ಣ, ಒಂದೊಂದು ಬಣ್ಣಕ್ಕೆ ಒಬ್ಬೊಬ್ಬ ಆಟಗಾರ. ಯಾರ ಬಣ್ಣ ಹೆಚ್ಚು ಹರಡಿದೆಯೋ ಅವನೇ ಮೇಲು. ಇಬ್ಬರ ಹೆಸರಿನ ಮುಂದೆಯೂ ‘ಡಿಫೆನ್ಸಿವ್ ಮಿಡ್‌ಫೀಲ್ಡರ್’ ಎಂದಿದ್ದರೆ ಮುಗಿಯಿತು, ಅವರು ಯಾವ ತಂಡದಲ್ಲಿ, ಯಾರ ನಡುವೆ ಆಡುತ್ತಾರೆ ಎಂದು ಕೇಳುವವರಿಲ್ಲ. ಆಟಗಾರರನ್ನು ಹೋಲಿಸುವ ಈ ಕೆಲಸಕ್ಕೊಂದು ಇತಿಹಾಸವಿದೆ ಎಂಬುದೂ ಮರೆತುಹೋದಂತಿದೆ.

1925ರಲ್ಲಿ ಆಫ್‌ಸೈಡ್ ನಿಯಮ ಸಡಿಲವಾದಾಗ ಗೋಲುಗಳು ಏಕಾಏಕಿ ಹೆಚ್ಚಿದವು. ಆರ್ಸೆನಲ್‌ನ ಹರ್ಬರ್ಟ್ ಚಾಪ್‌ಮನ್ ಸೆಂಟರ್ ಹಾಫ್‌ನನ್ನು ಹಿಂದಕ್ಕೆಳೆದು ಇಬ್ಬರು ಬ್ಯಾಕ್‌ಗಳ ನಡುವೆ ನಿಲ್ಲಿಸಿದರು. ಕೆಲಸ ಬದಲಾದರೂ ಇಂಗ್ಲಿಷರು ಅವನನ್ನು ಸೆಂಟರ್ ಹಾಫ್ ಎಂದೇ ಕರೆದರು. ಹಳೆಯ 2-3-5 ವ್ಯೂಹವನ್ನು ಒಂದೊಂದು ದೇಶ ಒಂದೊಂದು ರೀತಿಯಲ್ಲಿ ಬಿಚ್ಚಿದ್ದರಿಂದ, ಡಿಫೆನ್ಸ್ ಮುಂದೆ ನಿಂತು ಆಟ ಹಿಡಿಯುವವನ ನಂಬರು ಅರ್ಜೆಂಟೀನಾದಲ್ಲಿ 5, ಜರ್ಮನಿಯಲ್ಲಿ 6, ಇಂಗ್ಲೆಂಡಿನಲ್ಲಿ ಬಹುಕಾಲ 4. ನಂಬರು ನೋಡಿ ಆಟ ಅಳೆಯುವವರ ಪಾಡು ಏನಾಗುತ್ತದೆಂದು 1953ರ ನವೆಂಬರ್‌ನಲ್ಲಿ ವೆಂಬ್ಲಿ ತೋರಿಸಿತು. ಹಂಗೇರಿಯ 9ನೇ ನಂಬರಿನ ಹಿಡೆಗ್‌ಕುಟಿ ಮುಂದೆ ನಿಲ್ಲದೆ ಮಧ್ಯಕ್ಕೆ ಇಳಿದುಬಿಟ್ಟರು. ಅವರ ಹಿಂದೆ ಹೋಗಬೇಕೋ, ತನ್ನ ಜಾಗದಲ್ಲೇ ಇರಬೇಕೋ ತಿಳಿಯದೆ ಇಂಗ್ಲೆಂಡಿನ ಸೆಂಟರ್ ಹಾಫ್ ಹ್ಯಾರಿ ಜಾನ್ಸ್‌ಟನ್ ತಬ್ಬಿಬ್ಬಾದರು. ಹಿಡೆಗ್‌ಕುಟಿಗೆ ಮೂರು ಗೋಲು, ಹಂಗೇರಿಗೆ 6–3ರ ಗೆಲುವು.

ಆಟಗಾರರ ಜಾಗ ಬದಲಿಸುವುದರಲ್ಲಿ ನಮ್ಮವರೂ ಹಿಂದೆ ಬಿದ್ದಿರಲಿಲ್ಲ. 1962ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ತಲೆಗೆ ಪೆಟ್ಟಾಗಿದ್ದ ಸ್ಟಾಪರ್ ಜರ್ನೈಲ್ ಸಿಂಗ್ ಅವರನ್ನು ಕೋಚ್ ಸೈಯದ್ ಅಬ್ದುಲ್ ರಹೀಮ್ ಸೆಂಟರ್ ಫಾರ್ವರ್ಡ್ ಮಾಡಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಭಾರತ ಹೊಡೆದ ಎರಡು ಗೋಲುಗಳಲ್ಲಿ ಒಂದು ಅವರದೇ. ರಹೀಮ್ ಬಗ್ಗೆ ಸಿನಿಮಾ ಬಂತು. ಅವರು ತಂಡ ಕಟ್ಟಿದ ಬಗೆಯ ಮೇಲೆ ಗಂಭೀರ ಅಧ್ಯಯನವನ್ನು ನಾನಂತೂ ಕಂಡಿಲ್ಲ.

ಆಟವನ್ನು ಅಂಕಿಗಳಲ್ಲಿ ಎಣಿಸುವ ಕಡೆ ನೋಡಿದರೆ, 1950ರಲ್ಲಿ ಇಂಗ್ಲೆಂಡಿನ ಸ್ವಿಂಡನ್ ಪಂದ್ಯವೊಂದರಲ್ಲಿ ಪೆನ್ಸಿಲ್ ಹಿಡಿದು ಕೂತ ಚಾರ್ಲ್ಸ್ ರೀಪ್ ಮೊದಲಿಗರಲ್ಲಿ ಒಬ್ಬರು. 

ನಮ್ಮ ತಲೆಮಾರಿನ ವಿಶ್ಲೇಷಕರು ಕಲಿತದ್ದು ವಿಸಿಆರ್ ಮುಂದೆ. ಟಿವಿ ಕ್ಯಾಮೆರಾ ಚೆಂಡಿನ ಬೆನ್ನು ಬಿಡುವುದಿಲ್ಲ. ನಮಗೆ ಬೇಕಾದವನು ಹತ್ತರಲ್ಲಿ ಏಳು ಸಲ ಪರದೆಯ ಆಚೆ ಇರುತ್ತಿದ್ದ. ಅದಕ್ಕೇ ಗೋಲ್‌ಕಿಕ್, ಥ್ರೋ ಆಗುವಾಗ ಟೇಪು ನಿಲ್ಲಿಸಿ, ಕಂಡಷ್ಟು ಜನರನ್ನು ಹಾಳೆಯ ಮೇಲೆ ಚುಕ್ಕಿಯಿಟ್ಟು, ಅವನಿಗೆ ಅತಿ ಹತ್ತಿರದ ಇಬ್ಬರು ಯಾರೆಂದು ಗೆರೆ ಎಳೆಯುತ್ತಿದ್ದೆವು. ಒರಟು ಕೆಲಸ, ನಿಜ. ಆದರೆ 1996ರಲ್ಲಿ ದತ್ತಾಂಶ ಸಂಸ್ಥೆ ಆಪ್ಟಾ ಇಂಗ್ಲೆಂಡಿನಲ್ಲಿ ಶುರುಮಾಡಿದ ಎಣಿಕೆಯಲ್ಲಿ ಪಾಸು, ಟ್ಯಾಕಲ್, ಶಾಟ್ ಎಲ್ಲ ಇದ್ದವು, ಈ ಗೆರೆಗಳು ಮಾತ್ರ ಇರಲಿಲ್ಲ.

ಗೆರೆ ಯಾಕೆ ಬೇಕು ಎನ್ನುವವರಿಗೆ ಫ್ರಾನ್ಸಿನ ಎನ್‌ಗೊಲೊ ಕಾಂಟೆಯನ್ನು ತೋರಿಸಬೇಕು. 2015–16ರ ಲೆಸ್ಟರ್‌ನಲ್ಲಿ ಅವರು 4-4-2ರ ಮಧ್ಯದಲ್ಲಿ ಡ್ರಿಂಕ್‌ವಾಟರ್ ಪಕ್ಕ ಆಡಿದರು. 175 ಟ್ಯಾಕಲ್ ಮಾಡಿ ಪ್ರೀಮಿಯರ್ ಲೀಗ್‌ನಲ್ಲೇ ಮೊದಲಿಗರಾದರು. ಮರುವರ್ಷ ಚೆಲ್ಸಿಯಲ್ಲಿ ಬೆನ್ನಿಗೆ ಮೂವರು ಸೆಂಟರ್ ಬ್ಯಾಕ್‌ಗಳು, ಪಕ್ಕದಲ್ಲಿ ಮಾತಿಚ್. ಟ್ಯಾಕಲ್‌ಗಳು ಇಳಿದವು. ಲೀಗ್‌ನ ಆಟಗಾರರು ವರ್ಷದ ಶ್ರೇಷ್ಠ ಆಟಗಾರ ಎಂದು ಅವರಿಗೆ ಮತ ಹಾಕಿದ್ದು ಅದೇ ಋತುವಿನಲ್ಲಿ. 2018ರ ವಿಶ್ವಕಪ್‌ನಲ್ಲಿ ಪಕ್ಕದಲ್ಲಿ ಪೋಗ್ಬಾ. ಎಡಗಡೆಯಿಂದ ಮಟುಯಿಡಿ ಒಳಗೆ ಸರಿದು ಕೈಜೋಡಿಸುತ್ತಿದ್ದರು. ಅದಾದ ಮೇಲೆ ಚೆಲ್ಸಿಯ ಹೊಸ ಕೋಚ್ ಸಾರ್ರಿ ಜೋರ್ಜಿನ್ಯೊ ಅವರನ್ನು ಹಿಂದೆ ನಿಲ್ಲಿಸಿ, ಕಾಂಟೆಯನ್ನು ಬಲಕ್ಕೆ, ಮುಂದಕ್ಕೆ ಕಳಿಸಿದರು. ‘ಜಾಗ ತಪ್ಪಿಸಿ ಆಡಿಸುತ್ತಿದ್ದಾರೆ’ ಎಂದು ಆಗ ಎದ್ದ ಕೂಗಿನಲ್ಲಿ, ಕಾಂಟೆಯ ‘ಸರಿಯಾದ’ ಜಾಗ ಯಾವುದೆಂದು ಹೇಳುವಾಗ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ.

ಟ್ಯಾಕಲ್ ಲೆಕ್ಕದ ಸಿಕ್ಕು ಬಿಡಿಸುವುದು ಕಷ್ಟವೇನಲ್ಲ. ಒಂದು ತಂಡದ ಬಳಿ ಚೆಂಡು ಶೇ 40ರಷ್ಟು ಹೊತ್ತು ಇರುತ್ತದೆ ಎನ್ನಿ, ಉಳಿದ ಶೇ 60 ಎದುರಾಳಿಯದು. ಆ ತಂಡದವನದು ಪಂದ್ಯಕ್ಕೆ 5 ಟ್ಯಾಕಲ್. ಇನ್ನೊಂದು ತಂಡ ಶೇ 65ರಷ್ಟು ಹೊತ್ತು ಚೆಂಡು ಬಿಟ್ಟುಕೊಡುವುದಿಲ್ಲ, ಅಲ್ಲಿಯವನದು 3.5. ಎದುರಾಳಿಯ ಬಳಿ ಚೆಂಡಿದ್ದ ಹೊತ್ತಿನ ಪ್ರತಿ ಶೇ 10ಕ್ಕೆ ಭಾಗಿಸಿದರೆ ಮೊದಲನೆಯವನದು 0.83, ಎರಡನೆಯವನದು 1. ಮೇಲುಕೆಳಗು ಅದಲುಬದಲಾಯಿತು. ಈ ತಿದ್ದುಪಡಿ ತಜ್ಞರಿಗೆ ಹಳೆಯ ಸಂಗತಿ. ಫೋನಿಗೆ ಬರುವ ಬಣ್ಣದ ಚಿತ್ರಗಳಲ್ಲಿ ಅದು ಇದೆಯೋ ಇಲ್ಲವೋ ಎಂದು ಸಾಮಾನ್ಯವಾಗಿ ಬರೆದಿರುವುದಿಲ್ಲ. ಇದ್ದರೂ ಅದು ಹೊತ್ತನ್ನು ಸರಿದೂಗಿಸೀತು, ಪಕ್ಕದವನನ್ನಲ್ಲ.

ಪಕ್ಕದವನ ಲೆಕ್ಕ ಎಷ್ಟು ದೊಡ್ಡದೆಂಬುದಕ್ಕೆ ನಮ್ಮೂರಿನದೇ ನಿದರ್ಶನವಿದೆ. 2017–18ರಲ್ಲಿ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್‌ಎಲ್) ಬಂದಾಗ ಕೋಚ್ ಆಲ್ಬರ್ಟ್ ರೋಕಾ ವೆನೆಜುವೆಲಾದ ಮಿಕು ಅವರನ್ನು ಮುಂದೆ ನಿಲ್ಲಿಸಿ, ಸುನಿಲ್ ಛೆಟ್ರಿಯನ್ನು ಎಡಗಡೆಗೆ ಹಾಕಿದರು. ಅದೇ ಛೆಟ್ರಿ ಆಗ ಭಾರತಕ್ಕೆ ಆಡುವಾಗ ಸ್ಟ್ರೈಕರ್ ಆಗಿದ್ದರು. ಆ ಋತುವಿನಲ್ಲಿ ಮಿಕುಗೆ 15 ಗೋಲು, ಛೆಟ್ರಿಗೆ 14. ಡಿಫೆಂಡರ್‌ಗಳನ್ನು ಮಿಕು ತಮ್ಮತ್ತ ಎಳೆದುಕೊಂಡಾಗ ಛೆಟ್ರಿ ಎಡದಿಂದ ಒಳನುಗ್ಗುತ್ತಿದ್ದರು. ಎಡ ವಿಂಗರ್ ಎಂಬ ಚೀಟಿ ಅಂಟಿಸಿ ಅವರನ್ನು ಗೆರೆಯಂಚಿನಲ್ಲೇ ಓಡಿ ಕ್ರಾಸ್ ಹಾಕುವವರ ಸಾಲಿಗೆ ಸೇರಿಸಿದರೆ ಕ್ರಾಸ್‌ನಲ್ಲಿ ಬಡವ, ಗೋಲಿನಲ್ಲಿ ಸಾಹುಕಾರ ಎಂಬ ವಿಚಿತ್ರ ಪ್ರಾಣಿಯೊಂದು ಹುಟ್ಟುತ್ತದೆ.

ಹೊಸ ಸಂಶೋಧಕರಲ್ಲಿ ನನಗೆ ಹಿಡಿಸಿದವರು ಅಲೀನಾ ಬಿಯಾಲ್ಕೋವ್‌ಸ್ಕಿ, ಪ್ಯಾಟ್ರಿಕ್ ಲೂಸಿ ಮತ್ತವರ ಸಂಗಡಿಗರು. ಆಟಗಾರ ಮೈದಾನದ ಯಾವ ಮೂಲೆಯಲ್ಲಿದ್ದಾನೆ ಎಂದಲ್ಲ, ಜೊತೆಗಾರರಿಗೆ ಹೋಲಿಸಿದರೆ ಎಲ್ಲಿದ್ದಾನೆ ಎಂಬುದನ್ನು ಕ್ಷಣಕ್ಷಣಕ್ಕೂ ಲೆಕ್ಕಹಾಕಿ ಅವನ ಪಾತ್ರ ಗುರುತಿಸುವ ದಾರಿಯನ್ನು ಇವರು 2014ರಲ್ಲಿ ತೋರಿಸಿದರು. ವಿಂಗರ್‌ಗಳಿಬ್ಬರು ಹತ್ತು ನಿಮಿಷ ಜಾಗ ಬದಲಿಸಿದರೆ ಅದೂ ಅಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ಚುಕ್ಕಿ-ಗೆರೆಗಳಿಗೆ ಕೊನೆಗೂ ಗಣಿತ ದೊರೆಯಿತು. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದವರು 2019ರಲ್ಲಿ ಆಟಗಾರನ ಶೈಲಿಯನ್ನೇ ಸಂಖ್ಯೆಗಳ ಸಾಲಾಗಿಸಿದ್ದು ಜಾಣತನದ ಕೆಲಸವೇ. ಆದರೆ ಅದು ಚೆಂಡು ಮುಟ್ಟಿದ ಗಳಿಗೆಗಳಷ್ಟನ್ನೇ ನೋಡುತ್ತದೆ. ಪಂದ್ಯವೊಂದರಲ್ಲಿ ಒಬ್ಬನ ಕಾಲಲ್ಲಿ ಚೆಂಡು ಇರುವುದು ಕೆಲವೇ ನಿಮಿಷ.

ಬಿಯಾಲ್ಕೋವ್‌ಸ್ಕಿ ದಾರಿ ಹಿಡಿಯಬೇಕಾದರೆ ಆಟಗಾರರೆಲ್ಲರ ಜಾಗವೂ ದಾಖಲಾಗಿರಬೇಕು. ಸ್ಟ್ಯಾಟ್ಸ್‌ಬಾಂಬ್ ಎಂಬ ದತ್ತಾಂಶ ಸಂಸ್ಥೆ ಉಚಿತವಾಗಿ ಹಂಚಿದ ದತ್ತಾಂಶದಲ್ಲಿ ಬಾರ್ಸಿಲೋನಾದ ಮೆಸ್ಸಿ ಇದ್ದಾರೆ, ಐಎಸ್‌ಎಲ್‌ನ 2021–22ರ ಋತುವೂ ಇದೆ. ನಮ್ಮ ಹುಡುಗರು ಕೈಪಳಗಿಸುವುದು ಅದರ ಮೇಲೆ. ಆದರೆ ಎಲ್ಲರ ಜಾಗ ಪಂದ್ಯದುದ್ದಕ್ಕೂ ಅದರಲ್ಲಿ ಇಲ್ಲ. ನಮ್ಮ ರಾಜ್ಯದ ಪಂದ್ಯಗಳಿಗಂತೂ ಕೊರತೆ ಇನ್ನೂ ಹೆಚ್ಚು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಸಂತೋಷ್ ಟ್ರೋಫಿ ಗೆದ್ದ ನಮ್ಮ ರಾಜ್ಯ, ಅದನ್ನು ಮತ್ತೆ ಗೆದ್ದದ್ದು 54 ವರ್ಷಗಳ ಬಳಿಕ, 2023ರ ಮಾರ್ಚ್‌ನಲ್ಲಿ, ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ. ಟ್ರೋಫಿ ಗೆದ್ದ ನಮ್ಮ ಈ ಎರಡು ತಂಡಗಳ ಹಾಫ್ ಬ್ಯಾಕ್‌ಗಳನ್ನು ಹೋಲಿಸಿ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ ನನ್ನ ಮುಂದಿರುವುದು ಗೋಲು ಹೊಡೆದವರ ಪಟ್ಟಿ. ಅದರಲ್ಲಿ ಯಾರು ಎಲ್ಲಿ ನಿಂತಿದ್ದರು ಎಂದು ಇರುವುದಿಲ್ಲ. ಬೆಂಗಳೂರಿನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಪ್ರೇಕ್ಷಕರ ಮೇಲಿನ ಮೆಟ್ಟಿಲಿನಿಂದ ಇಡೀ ಮೈದಾನ ಕಾಣುತ್ತದೆ. ಅಲ್ಲಿ ಅಲುಗಾಡದಂತೆ ನಿಲ್ಲಿಸಿದ ಒಂದೇ ಒಂದು ಕ್ಯಾಮೆರಾ, ತೊಂಬತ್ತು ನಿಮಿಷವೂ ಚೆಂಡಿನ ಹಿಂದೆ ಓಡದೆ ಇದ್ದರೆ, ರಾಜ್ಯದ ಲೀಗ್ ಪಂದ್ಯಗಳಿಂದಲೇ ಈ ಕೆಲಸ ಶುರುಮಾಡಬಹುದು.