ಸೆರೆಯಲ್ಲಿದ್ದ ಇಂಗ್ಲಿಷ್ ಮೇಷ್ಟ್ರು

ಸಂಜೆ ಹೊತ್ತು ಮೂವರು ಜಪಾನಿ ಇಂಜಿನಿಯರುಗಳಿಗೆ ಇಂಗ್ಲಿಷ್ ಹೇಳಿಕೊಡ್ತಾ ಇದೀನಿ. ಬಿಡದಿ ಕಡೆ ಕಾರ್ಖಾನೆ ಕೆಲಸಕ್ಕೆ ಅಂತ ಬಂದವರು. ಅರ್ಧ ಮಾತುಕತೆಯ ಇಂಗ್ಲಿಷ್, ಅರ್ಧ ಆಫೀಸಿನ ಇಂಗ್ಲಿಷ್ ಅಂತ ಮಾತಾಗಿತ್ತು. ಹನ್ನೆರಡು ವಾರದ ಪಾಠದ ಪಟ್ಟಿ ಬರೆದುಕೊಂಡು ಜಂಬದಿಂದಲೇ ಹೋದೆ. ಮೊದಲ ಎರಡು ವಾರ ಬರೀ ‘ರ’ ಮತ್ತು ‘ಲ’! ರೈಟ್-ಲೈಟ್, ರೈಸ್-ಲೈಸ್... ಮೂರನೇ ದಿನಕ್ಕೆ ಅವರಲ್ಲಿ ಹಿರಿಯರಾದವರು ಬಾಯಿ ತೆರೆಯುವುದನ್ನೇ ನಿಲ್ಲಿಸಿಬಿಟ್ಟರು. ಮೀಟಿಂಗಿನಲ್ಲೂ ಅವರು ಹೀಗೇ ಸುಮ್ಮನೆ ಕೂರುತ್ತಾರಂತೆ. ಇಲ್ಲಿನ ಹುಡುಗರು ‘ಸಾಹೇಬರಿಗೆ ಕೊಬ್ಬು’ ಅಂದುಕೊಂಡಿದ್ದಾರೆ ಅಂತ ಕೇಳಿ ಪಿಚ್ಚೆನಿಸಿತು. ನನಗಿಂತ ಚೆನ್ನಾಗಿ ಇಂಗ್ಲಿಷ್ ವ್ಯಾಕರಣ ಬಲ್ಲ ಮನುಷ್ಯ ಅವರು!

ಇಷ್ಟು ಓದಿದವರಿಗೆ ಮಾತೇಕೆ ಹೊರಡುವುದಿಲ್ಲ ಅಂತ ಹುಡುಕಲು ಹೋದೆ. ಸಿಕ್ಕಿದ್ದು ಇನ್ನೂರು ವರ್ಷದ ಕತೆ.

1808ರಲ್ಲಿ ‘ಫೇಟನ್’ ಎಂಬ ಬ್ರಿಟಿಷ್ ಯುದ್ಧನೌಕೆ ಡಚ್ ಬಾವುಟ ಹಾರಿಸಿಕೊಂಡು ನಾಗಸಾಕಿ ಬಂದರಿಗೆ ನುಗ್ಗಿತು. ಆಗ ಜಪಾನಿನೊಡನೆ ವ್ಯಾಪಾರಕ್ಕೆ ಅಪ್ಪಣೆ ಇದ್ದ ಯುರೋಪಿಯನ್ನರು ಡಚ್ಚರು ಮಾತ್ರ. ಸ್ವಾಗತಿಸಲು ಹೋದ ಇಬ್ಬರು ಡಚ್ಚರನ್ನೇ ಹಿಡಿದಿಟ್ಟುಕೊಂಡು, ನೀರು-ಆಹಾರ ವಸೂಲಿ ಮಾಡಿ ಹಡಗು ಹೊರಟುಹೋಯಿತು. ಅವಮಾನ ತಾಳದೆ ನಾಗಸಾಕಿಯ ಆಡಳಿತಾಧಿಕಾರಿ ಪ್ರಾಣ ಬಿಟ್ಟ. ಅದಾದ ಮೇಲೆ ಡಚ್ ದುಭಾಷಿಗಳಿಗೆ ಇಂಗ್ಲಿಷ್ ಕಲಿಯಿರಿ ಎಂದು ಅಪ್ಪಣೆಯಾಯಿತು. ಕಲಿಸಿದವರು ಯಾರು? ಮತ್ತೆ ಡಚ್ಚರೇ. 1814ಕ್ಕೆ ಒಂದು ನಿಘಂಟೂ ಸಿದ್ಧವಾಯಿತು. ಆದರೆ ಇಂಗ್ಲಿಷರ ಬಾಯಲ್ಲಿ ಇಂಗ್ಲಿಷ್ ಕೇಳಿ ಕಲಿತವರಿಲ್ಲ. ಅಂದರೆ ಶುರುವಿನಿಂದಲೇ ಅದು ಕಣ್ಣಿನ ಭಾಷೆ, ಕಿವಿಯದ್ದಲ್ಲ.

ಈಗ ನನ್ನ ಮೆಚ್ಚಿನ ಮನುಷ್ಯನ ಪ್ರವೇಶ. ರೇನಲ್ಡ್ ಮೆಕ್‌ಡೊನಾಲ್ಡ್ ಹುಟ್ಟಿದ್ದು 1824ರಲ್ಲಿ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ. ಅಪ್ಪ ಸ್ಕಾಟ್ಲೆಂಡಿನವ, ಅಮ್ಮ ಅಲ್ಲಿನ ಮೂಲನಿವಾಸಿ ಚಿನೂಕ್ ಜನರವಳು. ಹೊರಗಿನವರು ಕಾಲಿಟ್ಟರೆ ತಲೆ ಹೋಗಬಹುದಾದ ಜಪಾನನ್ನು ನೋಡಲೇಬೇಕೆಂಬ ಹುಚ್ಚು. 1848ರಲ್ಲಿ ತಿಮಿಂಗಿಲ ಬೇಟೆಯ ಹಡಗಿನಿಂದ ಸಣ್ಣ ದೋಣಿಯಲ್ಲಿ ಇಳಿದು, ಹಡಗು ಒಡೆದು ದಿಕ್ಕುಗೆಟ್ಟವನಂತೆ ನಟಿಸಿ ಉತ್ತರದ ದ್ವೀಪ ಸೇರಿದ. ಹಿಡಿದು ನಾಗಸಾಕಿಗೆ ಸಾಗಿಸಿದರು. ಅಲ್ಲಿ ಅವನಿದ್ದ ಕೋಣೆಗೇ ಹದಿನಾಲ್ಕು ದುಭಾಷಿಗಳು ಪಾಠಕ್ಕೆ ಬಂದರು!

ಅವನ ಬಳಿ ಪಠ್ಯಪುಸ್ತಕವಿಲ್ಲ, ಹನ್ನೆರಡು ವಾರದ ಪಟ್ಟಿಯಂತೂ ಇಲ್ಲವೇ ಇಲ್ಲ. ಒಬ್ಬೊಬ್ಬರಾಗಿ ಅವನೆದುರು ಇಂಗ್ಲಿಷ್ ಓದುವುದು, ಅವನು ಉಚ್ಚಾರ ತಿದ್ದುವುದು, ಅರ್ಥವನ್ನು ತನಗೆ ಬಂದಷ್ಟು ಜಪಾನಿಯಲ್ಲಿ ವಿವರಿಸುವುದು. ‘ಲ’ಕಾರದ ಕಷ್ಟವನ್ನು ಅವನೂ ಗುರುತಿಸಿದ್ದ. ಜೊತೆಗೆ ತಾನೂ ಅವರಿಂದ ಜಪಾನಿ ಪದಗಳನ್ನು ಕಲಿತು ಬರೆದಿಟ್ಟುಕೊಳ್ಳುತ್ತಿದ್ದ. 1849ರಲ್ಲಿ ಅಮೆರಿಕದ ಹಡಗೊಂದು ಅವನನ್ನು ಕರೆದೊಯ್ದಿತು. ಪಾಠ ನಡೆದದ್ದು ಕೆಲವೇ ತಿಂಗಳು. ಆದರೆ ಆ ಶಿಷ್ಯರಲ್ಲಿ ಒಬ್ಬನಾದ ಮೊರಿಯಾಮಾ ಎಯ್ನೊಸುಕೆ 1854ರಲ್ಲಿ ಕಮೊಡೋರ್ ಪೆರ್ರಿ ಜೊತೆಗಿನ ಮಾತುಕತೆಗೆ ದುಭಾಷಿಯಾಗಿದ್ದ.

ಆಮೇಲೆ ಇಂಗ್ಲಿಷ್ ಶಾಲೆಗೆ ಬಂತು, ಪರೀಕ್ಷೆಗೆ ಬಂತು. ಅನುವಾದ, ವ್ಯಾಕರಣ, ಬಾಯಿಪಾಠ. ಮಾತೇ ಮೊದಲು ಎಂದು ವಾದಿಸಿದ ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷ್ ಪಂಡಿತರನ್ನು 1922ರಲ್ಲಿ ಕರೆಸಿಕೊಂಡರು. ಅವರು 1936ರವರೆಗೆ ಅಲ್ಲೇ ಇದ್ದು ದುಡಿದರು. ಪ್ರವೇಶ ಪರೀಕ್ಷೆಯ ಮುಂದೆ ಅವರ ವಾದ ಹೆಚ್ಚು ನಡೆಯಲಿಲ್ಲ ಅಂತ ನನಗನ್ನಿಸುತ್ತದೆ. ನಮ್ಮೂರ ಶಾಲೆಯಲ್ಲಿ ಇಂಗ್ಲಿಷ್ ಕಲಿತ ನನಗೆ ಇದೇನು ಹೊಸದಲ್ಲ ಬಿಡಿ.

ಮತ್ತೆ ಮಾತು ಬೇಕಾದದ್ದು 1945ರಲ್ಲಿ, ಸೋತ ಮೇಲೆ. ಶರಣಾಗತಿಯಾಗಿ ಎರಡು ತಿಂಗಳು ಕಳೆಯುವ ಮೊದಲೇ ಪ್ರಕಾಶಕ ಒಗಾವಾ ಕಿಕುಮಾತ್ಸು 32 ಪುಟದ ಜಪಾನಿ-ಅಮೆರಿಕನ್ ಸಂಭಾಷಣೆಯ ಕೈಪಿಡಿ ತಂದರು. ಸುಮಾರು 36 ಲಕ್ಷ ಪ್ರತಿ ಖರ್ಚಾಯಿತು! 1981ರ ‘ತೊತ್ತೋ-ಚಾನ್’ ಬರುವವರೆಗೂ ಆ ದಾಖಲೆಯನ್ನು ಯಾವ ಪುಸ್ತಕವೂ ಮುರಿಯಲಿಲ್ಲವಂತೆ. 1946ರ ಫೆಬ್ರವರಿಯಿಂದ ಹಿರಾಕಾವಾ ತದಾಯಿಚಿ ರೇಡಿಯೋದಲ್ಲಿ ಮಕ್ಕಳ ಹಾಡಿನ ಧಾಟಿಗೆ ಇಂಗ್ಲಿಷ್ ಕೂರಿಸಿ ದಿನಾ ಹದಿನೈದು ನಿಮಿಷ ಪಾಠ ಮಾಡಿದರು. ಅನ್ನಕ್ಕೇ ತತ್ವಾರವಿದ್ದ ಮನೆಗಳು ಕಿವಿಗೊಟ್ಟು ಕೂತವು.

ವ್ಯಾಪಾರ ಬೆಳೆದು 1979ರಲ್ಲಿ ಟೊಯಿಕ್ ಪರೀಕ್ಷೆ ಶುರುವಾಯಿತು. ಕೆಲಸದ ಇಂಗ್ಲಿಷ್ ಅಳೆಯಲೆಂದೇ ಹುಟ್ಟಿದ್ದು. ಆದರೆ ಅದರಲ್ಲಿದ್ದದ್ದು ಕೇಳುವುದು ಮತ್ತು ಓದುವುದು, ಇನ್ನೂರು ಪ್ರಶ್ನೆ. ಮಾತಾಡುವ ಪರೀಕ್ಷೆ ಸೇರಿದ್ದು 2006-07ರ ಸುಮಾರಿಗೆ. ನಮ್ಮ ಹಿರಿಯರು ಬರೆದದ್ದು ಹಳೆಯ ಪರೀಕ್ಷೆ, ಒಳ್ಳೆಯ ಅಂಕದೊಂದಿಗೆ.

ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿದೆ. ಈಗ ಅವರು ತಮ್ಮದೇ ಕಾರ್ಖಾನೆಯ ನಕ್ಷೆ ತರುತ್ತಾರೆ, ಓದಿ ವಿವರಿಸುತ್ತಾರೆ. ಮುಗಿಯುವ ತನಕ ನಾನು ತಿದ್ದುವುದಿಲ್ಲ. ಕೊನೆಯ ಹತ್ತು ನಿಮಿಷ ಅವರು ಮೇಷ್ಟ್ರು, ನಾನು ಶಿಷ್ಯ. ಮೊನ್ನೆ ‘ಹಾಶಿ’ ಹೇಳಿಕೊಟ್ಟರು. ಸ್ವರ ಏರಿ ಇಳಿದರೆ ಊಟದ ಕಡ್ಡಿ, ಇಳಿದು ಏರಿದರೆ ಸೇತುವೆ. ನನ್ನ ಕಿವಿಗೆ ಎರಡೂ ಒಂದೇ! ಎಂಟು ಸಲ ಹೇಳಿದೆ, ಎಂಟು ಸಲವೂ ಸೇತುವೆಯಲ್ಲೇ ಊಟ ಮಾಡಿದೆ. ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ನನ್ನ ತಪ್ಪೇನೆಂದು ಇಂಗ್ಲಿಷಿನಲ್ಲಿ ಐದು ನಿಮಿಷ ವಿವರಿಸಿದರು.